ಮೂರರಲ್ಲಿ ಎರಡು ಪಾಲು ಗಾಳಿ

ಹರಿಹರ

ನಮ್ಮ ಶಾರದಕ್ಕ ಹರಿಹರದಲ್ಲಿ ರವಿಕೆ ಹೊಲಿಯುತ್ತಾಳೆ. ನನಗಿಂತ ಆರು ವರ್ಷ ದೊಡ್ಡವಳು. ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾಗಿ, ಈಗ ಶಾಮನೂರಿನ ಹೊಸ ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದೇನೆ. ನೇಪಾಳದ ಮುಕ್ತಿನಾಥವನ್ನು ನೋಡಬೇಕು, ಅಲ್ಲಿಯ ನೂರೆಂಟು ನೀರಿನ ಬಾಯಿಗಳ ಕೆಳಗೆ ತಲೆಯೊಡ್ಡಬೇಕು ಎನ್ನುವುದು ಅಕ್ಕನ ಬಹಳ ವರ್ಷಗಳ ಆಸೆ. ನನ್ನ ಹೆಂಡತಿ ಮಂಡಿ ನೋವು, ಬರಲಾರೆ ಎಂದಳು. ಅಕ್ಕ ತಮ್ಮ ಇಬ್ಬರೇ ಹೊರಟೆವು.

ನನಗೂ ಒಂದು ಆಸೆ ಇತ್ತು, ಅದನ್ನು ಅಕ್ಕನಿಗೆ ಹೇಳಿರಲಿಲ್ಲ. ನಿವೃತ್ತಿಯ ದಿನ ಸಹೋದ್ಯೋಗಿಗಳು ನನಗೆ ಅಂಗೈಯಗಲದ ವಾಯುಭಾರ ಮಾಪಕವೊಂದನ್ನು ಕೊಟ್ಟಿದ್ದರು, ಬೆಟ್ಟ ಹತ್ತುವವರು ಕೊರಳಿಗೆ ಹಾಕಿಕೊಳ್ಳುವಂಥದ್ದು. ಮೇಲೇರಿದಂತೆ ಗಾಳಿ ಹೇಗೆ ತೆಳುವಾಗುತ್ತದೆ ಎಂದು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಒಮ್ಮೆಯೂ ನಾನೇ ಮೇಲೇರಿ ಅಳೆದಿರಲಿಲ್ಲ. ಲೆಕ್ಕ ಹಾಕಿ ಗ್ರಾಫ್ ಹಾಳೆಯ ಮೇಲೆ ಮೊದಲೇ ಒಂದು ಗೆರೆ ಎಳೆದುಕೊಂಡಿದ್ದೆ. ದಾರಿಯುದ್ದಕ್ಕೂ ಅಳೆದು ಚುಕ್ಕೆ ಇಡುವುದು, ಊರಿಗೆ ಬಂದು ನಿವೃತ್ತ ಅಧ್ಯಾಪಕರ ಕೂಟದಲ್ಲಿ ಅದನ್ನು ತೋರಿಸುವುದು ನನ್ನ ಯೋಜನೆ. ಮೊದಲ ಚುಕ್ಕೆಯನ್ನು ಅಕ್ಕನ ಹೊಲಿಗೆ ಯಂತ್ರದ ಮೇಲೆ ಮಾಪಕವಿಟ್ಟು ಹಾಕಿದೆ.

"ಏನಪಾ ಅದು, ಶುಗರ್ ನೋಡೋದೇನು?" ಅಂದಳು ಅಕ್ಕ. ನಾನು ನಕ್ಕೆ. ಅವಳು ಮಂಡಕ್ಕಿ ಪೊಟ್ಟಣಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಅಂಗಡಿಯಲ್ಲೇ ಬಾಯಿ ಅಂಟಿಸಿ ಕೊಟ್ಟ ಪ್ಲಾಸ್ಟಿಕ್ ಪೊಟ್ಟಣಗಳು, ಎಂಟೋ ಹತ್ತೋ.

ಪೊಖರಾ

ವಿಮಾನ, ಕಠ್ಮಂಡು, ಹತ್ತು ತಾಸಿನ ಬಸ್ಸು, ಇವನ್ನೆಲ್ಲ ಹೇಳುವುದಿಲ್ಲ. ಪೊಖರಾದಲ್ಲಿ ನಮಗೆ ಗೊತ್ತುಮಾಡಿದ್ದ ಜೀಪಿನ ಚಾಲಕನ ಹೆಸರು ಟೇಕ್ ಬಹಾದೂರ್. ನಲವತ್ತು ದಾಟಿದವನು, ಮಾತು ಕಡಿಮೆ. ಜೀಪು ಹತ್ತುವ ಮುಂಚೆ ಪ್ರತಿಯೊಂದು ಚಕ್ರವನ್ನೂ ಕಾಲಿನಿಂದ ಮೆಲ್ಲಗೆ ಒತ್ತಿ ನೋಡುತ್ತಿದ್ದ, ನಮ್ಮಲ್ಲಿ ಕಲ್ಲಂಗಡಿ ಕೊಳ್ಳುವವರು ಬೆರಳಲ್ಲಿ ತಟ್ಟುವ ಹಾಗೆ.

ಅವನೊಡನೆ ಮಾತಾಡಲು ನನಗಿದ್ದದ್ದು ಪುಸ್ತಕದ ಹಿಂದಿ. ಪ್ರತಿ ವಾಕ್ಯಕ್ಕೂ ನಿಂತು ಯೋಚಿಸಬೇಕು. ಅಕ್ಕನಿಗೆ ಆ ತೊಂದರೆಯಿಲ್ಲ. ಹರಿಹರದಲ್ಲಿ ಅವಳ ಪಕ್ಕದ ಮನೆಯವರು ಉರ್ದು ಮಾತಾಡುವವರು. ಮೂವತ್ತು ವರ್ಷ ಗೋಡೆಗೆ ಗೋಡೆ ಹಚ್ಚಿಕೊಂಡು ಬದುಕಿ ಅವಳಿಗೆ ಬಜಾರಿನ ಉರ್ದು ನೀರಿನಂತೆ ಬರುತ್ತದೆ. ವ್ಯಾಕರಣ ನೋಡಿದರೆ ಅಳು ಬರಬೇಕು. ಆದರೆ ಅರ್ಧ ತಾಸಿನಲ್ಲಿ ಟೇಕ್ ಬಹಾದೂರನಿಗೆ ಎಷ್ಟು ಮಕ್ಕಳು, ಅವನ ತಾಯಿಗೆ ಯಾವ ಕಣ್ಣು ಕಾಣುವುದಿಲ್ಲ ಎಲ್ಲ ಅವಳಿಗೆ ಗೊತ್ತಾಗಿತ್ತು. ಅವನು ಅವಳನ್ನು ದೀದಿ ಎಂದು ಕರೆಯತೊಡಗಿದ. ನನಗೆ ಸರ್ ಅನ್ನುತ್ತಿದ್ದ.

ತಾತೋಪಾನಿ

ಬೆಳಿಗ್ಗೆ ಬೇಗ ಹೊರಟು, ಬಿಸಿನೀರಿನ ಬುಗ್ಗೆಗಳಿರುವ ಈ ಊರಿನಲ್ಲಿ ತಿಂಡಿಗೆ ನಿಂತೆವು. ಕೆಳಗೆ ಕಾಳಿ ಗಂಡಕಿ. ಹೊಳೆಯ ಪಾತ್ರ ಅಗಲ, ನೀರು ಸ್ವಲ್ಪ. "ಬೇಸಿಗ್ಯಾಗೆ ನಮ್ಮ ತುಂಗಭದ್ರೆ ಇದ್ದಂಗೆ ಐತೆ ನೋಡು," ಅಂದಳು ಅಕ್ಕ.

ಹೋಟೆಲಿನ ಹಿತ್ತಿಲಿನಲ್ಲಿ ಒಂದು ಬಿದಿರಿನ ಮೊರ ಒಣಗಲು ಇಟ್ಟಿದ್ದರು. ಅದನ್ನು ಕಂಡದ್ದೇ ನನ್ನೊಳಗಿನ ಮೇಷ್ಟ್ರು ಎದ್ದು ಕೂತ. ಕೇಳಿ ತೆಗೆದುಕೊಂಡು ಅದರಲ್ಲಿ ಅಕ್ಕನ ಮಂಡಕ್ಕಿ, ಮೇಲೆ ಒಂದು ಹಿಡಿ ಶೇಂಗಾ ಸುರಿದು ಕುಲುಕತೊಡಗಿದೆ. ನಾನು ತರಗತಿಯಲ್ಲಿ ಮಾಡುತ್ತಿದ್ದ ಪಾಠವೇ ಇದು. ಗಾಳಿಗೂ ತೂಕವಿದೆ. ಭೂಮಿ ಅದರ ಒಂದೊಂದು ಅಣುವನ್ನೂ ಕೆಳಕ್ಕೆ ಎಳೆಯುತ್ತದೆ. ಹಾಗಿದ್ದರೆ ಗಾಳಿಯೆಲ್ಲ ಧೂಳಿನಂತೆ ನೆಲ ಹಿಡಿದು ಕೂರಬೇಕಿತ್ತು. ಕೂರುವುದಿಲ್ಲ, ಯಾಕೆಂದರೆ ಶಾಖ ಅದನ್ನು ಸುಮ್ಮನಿರಗೊಡದೆ ಮೊರದ ಹಾಗೆ ಸದಾ ಕುಲುಕುತ್ತಿರುತ್ತದೆ. ಎಳೆತ ಒಂದು ಕಡೆ, ಕುಲುಕಾಟ ಇನ್ನೊಂದು ಕಡೆ. ಅದರಿಂದ ಕೆಳಗೆ ದಟ್ಟ, ಮೇಲೆ ಹೋದಂತೆ ವಿರಳ. ಹಗುರ ಮಂಡಕ್ಕಿ ಎತ್ತರ ಹಾರುತ್ತದೆ, ಭಾರದ ಶೇಂಗಾ ಮೊರ ಬಿಟ್ಟು ಏಳುವುದೇ ಇಲ್ಲ. ನೀರಿನಲ್ಲಿ ಕಲಸಿದ ಅತಿ ಸಣ್ಣ ಕಣಗಳೂ ಇದೇ ನಿಯಮದಲ್ಲಿ ನಿಲ್ಲುತ್ತವೆ. ಅವು ಅಣುಗಳಿಗಿಂತ ಎಷ್ಟೋ ಪಾಲು ಭಾರವಾದ್ದರಿಂದ ಅವುಗಳ ಇಡೀ ಆಕಾಶ ಒಂದು ಕೂದಲಿನ ದಪ್ಪದಷ್ಟರಲ್ಲಿ ಮುಗಿಯುತ್ತದೆ. ಗಾಳಿಯ ಆಕಾಶ ಹಲವು ಮೈಲಿ.

ಹೋಟೆಲಿನ ನಾಲ್ಕು ಜನ ಸುತ್ತ ನಿಂತು ನೋಡಿದರು. ಪರದೇಶದಲ್ಲೂ ನನ್ನ ಪಾಠಕ್ಕೆ ಜನ ನೆರೆದರಲ್ಲ ಎಂದು ಉಬ್ಬಿದೆ. ಹೊರಡುವಾಗ ಅಕ್ಕ ಹೇಳಿದಳು: "ಅವರ ಹಿತ್ಲಾಗೆ ಎಲ್ಲಾ ಮಂಡಕ್ಕಿ ಚೆಲ್ಲಿದ್ಯಲ್ಲೋ. ಆ ಹೆಣ್ಣುಮಗಳು ಕಸಬರಿಗೆ ಹಿಡ್ಕಂಡು ಕಾಯ್ತಿದ್ಲು, ಯಾವಾಗ ಮುಗಿಸ್ತಾನಂತ."

ಮಾರ್ಫಾ

ಮಧ್ಯಾಹ್ನದ ಹೊತ್ತಿಗೆ ಕಾಡು ಮುಗಿದು ಬೋಳು ಬೆಟ್ಟಗಳು ಶುರುವಾದವು. ಬೆಳಗಿನಲ್ಲಿ ಎಲೆಯೂ ಅಲುಗದ ಕಣಿವೆಯಲ್ಲಿ ಈಗ ನಿಂತವರನ್ನು ತಳ್ಳುವ ಗಾಳಿ. ಮಾರ್ಫಾ ಸುಣ್ಣ ಬಳಿದ ಮನೆಗಳ ಅಚ್ಚುಕಟ್ಟಾದ ಊರು. ಮನೆಗಳ ಚಾವಣಿಯ ಅಂಚಿಗೆ ಸೌದೆಯನ್ನು ಸಾಲಾಗಿ ಪೇರಿಸಿಟ್ಟಿರುತ್ತಾರೆ. ಅಕ್ಕ ಅದನ್ನು ನೋಡಿ, ಸೀರೆಗೆ ಹಚ್ಚಿದ ಅಂಚಿನಂತಿದೆ ಎಂದಳು.

ಇಲ್ಲಿ ಎರಡು ರಾತ್ರಿ ಉಳಿದು ಆಮೇಲೆ ಮೇಲೇರುವುದೆಂದು ಪೊಖರಾದಲ್ಲೇ ಮಾತಾಗಿತ್ತು. ನಾನು ಮಾಪಕ ತೆಗೆದು ನೋಡಿದೆ. ಚುಕ್ಕೆ ಗೆರೆಯ ಮೇಲೆ ಬಂದು ಕೂತಿತು. ಆಕಾಶ ಶುಭ್ರವಾಗಿತ್ತು. ಹರಿಹರದಲ್ಲಿ ಶುರುವಾದ ಗೆರೆಯನ್ನು ಈ ಸಂಜೆಯೇ ತುದಿ ಮುಟ್ಟಿಸಬಹುದು ಎನ್ನಿಸಿತು. ಪೊಖರಾದಿಂದ ತುದಿಯವರೆಗೆ ಒಂದೇ ದಿನದ ಅಳತೆ, ಹವೆ ಬದಲಾಗುವ ಮೊದಲೇ. ಕೂಟದಲ್ಲಿ ಯಾರೂ ತಕರಾರು ತೆಗೆಯುವಂತಿಲ್ಲ.

"ಇವತ್ತೇ ಮೇಲಕ್ಕೆ ಹೋಗೋಣ," ಎಂದೆ.

ಟೇಕ್ ಬಹಾದೂರ್ ತಲೆ ಅಲ್ಲಾಡಿಸಿದ. ಅವನ ಹಿಂದಿಯನ್ನು ನನ್ನ ಮಾತಿನಲ್ಲಿ ಕೊಡುತ್ತಿದ್ದೇನೆ. "ಇಲ್ಲಿ ಉಳಿಯಿರಿ ಸರ್. ಆಕ್ಸಿಜನ್ ಭಾರ, ಅದು ಕೆಳಗೇ ಉಳಿಯುತ್ತದೆ. ಮೇಲೆ ಬರೀ ಬೇರೆ ಗಾಳಿ."

ಇದು ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಮಾಡುತ್ತಿದ್ದ ತಪ್ಪು. ನಾನು ಬಾಯಿತುಂಬ ನಕ್ಕು, ಜೀಪಿನ ಧೂಳು ಹಿಡಿದ ಬಾನೆಟ್ಟಿನ ಮೇಲೆ ಬೆರಳಲ್ಲಿ ಬರೆದು ವಿವರಿಸಿದೆ. ಬೀಸುವ ಗಾಳಿ ಎಲ್ಲವನ್ನೂ ಕಲಸಿಬಿಡುತ್ತದೆ, ನಾವು ತಲುಪುವ ಎತ್ತರದಲ್ಲಿ ಆಕ್ಸಿಜನ್ನಿನ ಪಾಲು ದಾವಣಗೆರೆಯಲ್ಲಿ ಇದ್ದಷ್ಟೇ. ಒಟ್ಟು ಗಾಳಿಯೇ ತೆಳು, ಅಷ್ಟೇ. ನಮ್ಮೂರಲ್ಲಿ ಮೂರು ಪಾಲು ಇದ್ದರೆ ಮುಕ್ತಿನಾಥದಲ್ಲಿ ಎರಡು ಪಾಲು. ಮೂರು ರೊಟ್ಟಿ ತಿನ್ನುವವನಿಗೆ ಎರಡು ಕೊಟ್ಟರೆ ಸಾಯುತ್ತಾನೆಯೇ?

ಅವನು ಬಾನೆಟ್ಟನ್ನು ನೋಡಿದ, ನನ್ನನ್ನು ನೋಡಿದ. "ಅದು ಹಾಗೇ ಇರಬಹುದು ಸರ್. ಆದರೂ ಇಲ್ಲಿ ಮಲಗಿ."

ನಾನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅದೇ ಈಗ ನನ್ನನ್ನು ಹೆಚ್ಚು ಸುಡುತ್ತದೆ. ಗಾಳಿಯ ಬಗ್ಗೆ ನಾನು ಸರಿ, ಅವನು ತಪ್ಪು. ಮನುಷ್ಯರ ಬಗ್ಗೆ ಅವನಿಗೆ ತಿಳಿದದ್ದು ನನಗೆ ತಿಳಿದಿರಲಿಲ್ಲ: ಮೈ ಎರಡು ರೊಟ್ಟಿಗೆ ಒಗ್ಗಲು ದಿನಗಳು ಬೇಕು, ಒಗ್ಗುವ ಮೊದಲೇ ಮೇಲೇರಿದರೆ ಕೆಲವರ ಮೈ ತಾಳುವುದಿಲ್ಲ. ಅವನು ಅದನ್ನು ತಪ್ಪು ಕಾರಣ ಕೊಟ್ಟು ಹೇಳಿದ. ನಾನು ಕಾರಣವನ್ನು ಹಿಡಿದುಕೊಂಡು ಮಾತನ್ನು ಬಿಟ್ಟೆ.

ಅಕ್ಕನನ್ನು ಕೇಳಿದೆ. "ನೀನು ಕಲಿತಾವ, ನೀ ಹೇಳ್ದಂಗೆ ಆಗಲಿ," ಅಂದಳು.

ಕಾಗ್‌ಬೇನಿ ದಾಟಿದ ಮೇಲೆ

ತಿರುವೊಂದರಲ್ಲಿ ಹಿಂದಿನ ಸೀಟಿನಿಂದ ಢಬ್ಬೆಂದು ಸದ್ದಾಯಿತು. ಟೇಕ್ ಬಹಾದೂರ್ ಚಕ್ರ ಒಡೆಯಿತೆಂದು ಬ್ರೇಕು ಒತ್ತಿದ. ಒಡೆದದ್ದು ಮಂಡಕ್ಕಿ ಪೊಟ್ಟಣ. ಹೊರಗಿನ ಗಾಳಿಯ ಒತ್ತಡ ಇಳಿದಂತೆ ಪೊಟ್ಟಣದೊಳಗಿನ ಹರಿಹರದ ಗಾಳಿ ಹಿಗ್ಗುತ್ತಾ ಬಂದು, ಪ್ಲಾಸ್ಟಿಕ್ಕು ಸೋತಿತ್ತು. ಜೀಪಿನ ತುಂಬ ಮಂಡಕ್ಕಿ. ಅಕ್ಕನ ತಲೆಯ ಮೇಲೆ, ಟೇಕ್ ಬಹಾದೂರನ ಕೊರಳ ಪಟ್ಟಿಯಲ್ಲಿ. ಮೂವರೂ ನಕ್ಕೆವು. ಆ ದಿನ ನಾವು ಮೂವರು ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಅಕ್ಕ ಉಳಿದ ಪೊಟ್ಟಣಗಳನ್ನು ಮುಟ್ಟಿ ನೋಡಿದಳು. ಎಲ್ಲ ತಲೆದಿಂಬಿನ ಹಾಗೆ ಬಿಗಿದಿದ್ದವು. "ಮ್ಯಾಲೆ ಬಂದಂಗೆಲ್ಲಾ ಇವು ಉಬ್ಬತಾವಲ್ಲ, ನಮ್ಮ ಒಳಗಿಂದೂ ಹಿಂಗೇ ಉಬ್ಬತೈತೇನು?" ಎಂದು ಕೇಳಿದಳು.

"ನೀನೇನು ಮಂಡಕ್ಕಿ ಪೊಟ್ಟಣವೇ?" ಎಂದೆ.

ಅವಳು ಸೀಟಿನ ಮೇಲಿನ ಮಂಡಕ್ಕಿಯನ್ನು ಬಳಿದು ಸೆರಗಿಗೆ ಹಾಕಿಕೊಳ್ಳತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಚಾಲಕನಿಗೆ, "ಭಾಯ್, ಸರ್ ದುಖ್ತಾ," ಅಂದದ್ದು ನನ್ನ ಕಿವಿಗೆ ಬಿತ್ತು. ತಲೆ ನೋಯುತ್ತಿದೆ ಎಂದು. ಅವನು ಮೆಲ್ಲಗೆ ಏನೋ ಹೇಳಿದ. ನಾನು ಕಿಟಕಿಯಾಚೆ ಹಿಮದ ಬೆಟ್ಟದ ಚಿತ್ರ ತೆಗೆಯುತ್ತಿದ್ದೆ.

ರಾಣಿಪೌವಾ

ಮುಕ್ತಿನಾಥದ ಗುಡಿಯ ಕೆಳಗಿರುವ ಊರು ರಾಣಿಪೌವಾ. ಸಂಜೆಗೆ ತಲುಪಿದೆವು. ಟೇಕ್ ಬಹಾದೂರ್ ಚಾಲಕರು ಉಳಿಯುವ ಮನೆಗೆ ಹೋದ. ನಾವು ಇಳಿದುಕೊಂಡ ಮನೆಯ ಒಡತಿ ಅನ್ನವನ್ನು ಕುಕ್ಕರಿನಲ್ಲಿ ಕೂಗಿಸುತ್ತಿದ್ದಳು. ಇಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಅಷ್ಟು ಬಿಸಿಯಾಗಿರುವುದಿಲ್ಲ ಎಂದು ಅವಳಿಗೆ ತಿಳಿಸಲು ಹೋದೆ. "ಅದಕ್ಕೇ ಕುಕ್ಕರ್," ಎಂದು ಹೇಳಿ ಅವಳು ಈರುಳ್ಳಿ ಹೆಚ್ಚುವುದನ್ನು ಮುಂದುವರಿಸಿದಳು.

ಅಂಗಳದಲ್ಲಿ ನಿಂತು ಅಳತೆ ನೋಡಿದೆ. ಚುಕ್ಕೆ ಗೆರೆಯ ಮೇಲೆ ಬಂತು. ನಾನು ಜೀವಮಾನವಿಡೀ ಹೇಳಿದ್ದು ನಿಜ ಎಂದು ಒಂದು ಬೆಟ್ಟವೇ ನನಗೆ ಸಹಿ ಹಾಕಿಕೊಟ್ಟ ಹಾಗಿತ್ತು.

ಆಗ ಅಕ್ಕ ಬಾಗಿಲಿಗೆ ಬಂದಳು. ಸೆರಗನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. "ತಲೆ ಒಂದ್ ನಮೂನಿ ಭಾರ ಆಗೈತೆ ಕಣೋ. ಊಟ ಬ್ಯಾಡ ನನಗೆ. ಆ ಡ್ರೈವರ್ ಹೇಳ್ತಿದ್ದ, ತಲೆ ನೋವು ಬಂದ್ರೆ ಕೆಳಗೆ ಇಳೀಬೇಕಂತೆ. ನಿನಗೆ ಹೇಳು ಅಂದ."

ಹಾಳೆಯಿಂದ ಕಣ್ಣೆತ್ತದೆ ಹೇಳಿದೆ: "ಪ್ರಯಾಣದ ಸುಸ್ತು ಅಕ್ಕ. ಅವನ ಮಾತು ಕೇಳಿ ಹೆದರಿಕೊಂಡಿದ್ದೀಯ. ಒಂದು ಮಾತ್ರೆ ತಗೊಂಡು ಮಲಗು."

ಅವಳು ಮಾತ್ರೆ ತೆಗೆದುಕೊಂಡು ಮಲಗಿದಳು.

ಬೆಳಿಗ್ಗೆ ಬೆಳಕು ಹರಿಯುವಾಗ ಅವಳಿಗೆ ನಿದ್ದೆ ಹತ್ತಿರುವುದನ್ನು ನೋಡಿ ನಾನೊಬ್ಬನೇ ಗುಡಿಗೆ ಹೋದೆ. ಅವಳು ಆರಾಮ ಮಾಡಿ ಆಮೇಲೆ ಬರಲಿ, ಗುಡಿಯ ಹತ್ತಿರದ ಅಳತೆಯನ್ನು ಅಷ್ಟರಲ್ಲಿ ಮುಗಿಸೋಣ ಎಂದು. ಕಲ್ಲಿನ ಬಾಯಿಗಳಿಂದ ನೀರು ಸಾಲಾಗಿ ಸುರಿಯುತ್ತಿತ್ತು. ಎಲ್ಲದರ ಕೆಳಗೂ ಓಡಿದೆ. ಮೈ ಕೊರೆದು ಹೋಯಿತು. ಆ ಆಸೆ ಯಾರದಾಗಿತ್ತು ಎಂಬ ಯೋಚನೆ ಆಗ ಬರಲೇ ಇಲ್ಲ. ಇನ್ನೊಬ್ಬ ಯಾತ್ರಿಕನ ಕೈಗೆ ಫೋನು ಕೊಟ್ಟು, ಕೊರಳಲ್ಲಿ ಮಾಪಕ ಕಾಣುವ ಹಾಗೆ ಚಿತ್ರ ತೆಗೆಸಿಕೊಂಡೆ.

ವಾಪಸು ಬಂದಾಗ ಅಕ್ಕ ಮಂಚದ ಅಂಚಿನಲ್ಲಿ ಕೂತಿದ್ದಳು. ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಲು ಹೆಣಗುತ್ತಿದ್ದಳು. "ಹರಿಹರದ ಬಸ್ಸು ಹೋತೇನು?" ಎಂದು ಕೇಳಿದಳು. ಎದ್ದು ನಿಂತವಳು ಗೋಡೆಗೆ ಬಡಿದುಕೊಂಡಳು. ಒಡತಿ ಓಡಿಬಂದು ಅವಳನ್ನು ಹಿಡಿದುಕೊಂಡು, ಕಿಟಕಿಯಿಂದ ಯಾರನ್ನೋ ಕೂಗಿ ಟೇಕ್ ಬಹಾದೂರನನ್ನು ಕರೆಸಿದಳು. ನಾನು ಒದ್ದೆ ಟವೆಲ್ಲು ಹಿಡಿದು ನಿಂತಿದ್ದೆ.

ಆ ಊರಿನಲ್ಲಿ ಒಂದು ಚಿಕ್ಕ ಆರೋಗ್ಯ ಕೇಂದ್ರವಿದೆ. ಅಲ್ಲಿದ್ದ ಹೆಂಗಸು ಹಿಂದಿ ಬಲ್ಲವಳು. ಅಕ್ಕನಿಗೆ ನೆಲದ ಗೆರೆಯ ಮೇಲೆ, ಒಂದು ಪಾದದ ತುದಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಡೆಯಲು ಹೇಳಿದಳು. ನೂರಾರು ರವಿಕೆಗಳ ಮೇಲೆ ನೇರ ಗೆರೆ ಹೊಡೆದವಳು ಎರಡು ಹೆಜ್ಜೆ ಇಡಲಾರದೆ ನನ್ನ ಮೇಲೆ ಬಿದ್ದಳು.

"ತಲೆನೋವು ಯಾವಾಗ ಶುರುವಾಯಿತು?" ಎಂದು ಆ ಹೆಂಗಸು ನನ್ನನ್ನು ಕೇಳಿದಳು.

"ಇವತ್ತು ಬೆಳಿಗ್ಗೆ," ಎಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ. ಬಾಯಿಗೆ ತಾನಾಗಿ ಬಂತು. ಅವಳು ಬರೆದುಕೊಂಡಳು. ಈಗಷ್ಟೇ ಶುರುವಾಗಿದ್ದರೆ ಆಕ್ಸಿಜನ್ ಕೊಟ್ಟು ಒಂದೆರಡು ತಾಸು ನೋಡೋಣ ಎನ್ನುವಂತೆ ಏನೋ ಹೇಳಿದಳು. ಸರಿಪಡಿಸಲು ನನಗೆ ಅವಕಾಶವಿತ್ತು. ನಾನು ತಲೆಯಾಡಿಸಿದೆ.

ಬಾಗಿಲಲ್ಲಿ ನಿಂತಿದ್ದ ಟೇಕ್ ಬಹಾದೂರ್ ನೇಪಾಳಿಯಲ್ಲಿ ಮಾತಾಡಿದ. ಆಮೇಲೆ ನನಗೂ ತಿಳಿಯಲಿ ಎಂದು ಹಿಂದಿಯಲ್ಲಿ ಹೇಳಿದ, ದನಿ ಏರಿಸದೆ: "ಬೆಳಿಗ್ಗೆ ಅಲ್ಲ. ನಿನ್ನೆ ದಾರಿಯಲ್ಲೇ ದೀದಿ ನನಗೆ ಹೇಳಿದ್ದಾಳೆ. ಸಂಜೆ ಸರ್‌ಗೂ ಹೇಳಿದ್ದಾಳೆ. ಹಾಗೆಂದು ದೀದಿಯೇ ಮನೆಯೊಡತಿಗೆ ಹೇಳಿದ್ದಾಳೆ."

ಆ ಹೆಂಗಸು ಬರೆದದ್ದನ್ನು ಹೊಡೆದುಹಾಕಿದಳು. ಅಕ್ಕನಿಗೆ ಒಂದು ಚುಚ್ಚುಮದ್ದು ಕೊಟ್ಟು, ಮೂಗಿಗೆ ಆಕ್ಸಿಜನ್ ಕೊಳವೆ ಹಚ್ಚಿ, ಸಿಲಿಂಡರನ್ನು ಜೀಪಿನಲ್ಲಿಡಿಸಿ, "ಈಗಲೇ ಇಳಿಸಿ. ಎಲ್ಲೂ ನಿಲ್ಲಿಸಬೇಡಿ," ಎಂದಳು. ಚಾಲಕನಿಗೆ ಹೇಳಿದಳು, ನನಗಲ್ಲ.

ಕೆಳಗೆ

ಜೀಪಿನಲ್ಲಿ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ಮೊರವನ್ನು ಕುಲುಕಿದವನೇ ಈಗ ಸಿಲಿಂಡರ್ ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಮಿದುಳಿನೊಳಗೆ ನೀರು ಇಳಿದು ಊದಿಕೊಳ್ಳುವ ಕಾಯಿಲೆಯ ಶುರು ಅದು ಎಂದು ಆಮೇಲೆ ಪೊಖರಾದ ವೈದ್ಯರು ಹೇಳಿದರು. ಪೊಟ್ಟಣ ಉಬ್ಬುವ ರೀತಿ ಬೇರೆ, ಇದರ ರೀತಿ ಬೇರೆ. ಆದರೂ ಅಕ್ಕ ಕೇಳಿದ ಪ್ರಶ್ನೆ ನಗುವಂಥದ್ದಾಗಿರಲಿಲ್ಲ.

ಜೋಮ್‌ಸೋಮ್ ದಾಟಿದೆವು. ಮಾರ್ಫಾದ ಹತ್ತಿರ ಅವಳು ಕಣ್ಣು ತೆರೆದು ನನ್ನ ಹೆಸರು ಹಿಡಿದು ಕರೆದಳು. ಇನ್ನೂ ಇಳಿದ ಮೇಲೆ ಚಹಾ ಬೇಕೆಂದಳು. ಚಹಾ ಕುಡಿಯಲು ನಿಂತಾಗ ನಾನು ಟೇಕ್ ಬಹಾದೂರನ ಹತ್ತಿರ ಹೋಗಿ ಪುಸ್ತಕದ ಹಿಂದಿಯಲ್ಲಿ ಕ್ಷಮೆ ಕೇಳಿದೆ. ವ್ಯಾಕರಣ ಶುದ್ಧವಾಗಿತ್ತು.

ಅವನು ಲೋಟದಿಂದ ಕಣ್ಣೆತ್ತಲಿಲ್ಲ. "ನಿಮ್ಮ ಲೆಕ್ಕ ನನಗೆ ಗೊತ್ತಿಲ್ಲ ಸರ್. ನಾನು ಬಹಳ ಜನರನ್ನು ಹೀಗೆ ಇಳಿಸಿದ್ದೇನೆ. ಎಲ್ಲರೂ ಮೊದಲು ಒಂದೇ ಮಾತು ಹೇಳಿರುತ್ತಾರೆ, ತಲೆ ನೋವು ಅಂತ. ಕೇಳಿದವರು ಒಂದೇ ಮಾತು ಹೇಳಿರುತ್ತಾರೆ, ಸುಸ್ತು ಅಂತ." ಆಮೇಲೆ ಕೇಳಿದ: "ಬೆಳಿಗ್ಗೆ ಅಂತ ಯಾಕೆ ಹೇಳಿದಿರಿ?"

ಅವನು ಲೋಟ ಖಾಲಿಯಾಗುವವರೆಗೆ ಕಾದ. ನಂತರ ಎದ್ದು ಹೋಗಿ ಚಕ್ರಗಳನ್ನು ನೋಡತೊಡಗಿದ.

ಪೊಖರಾದಲ್ಲಿ ನಾಲ್ಕು ದಿನ ಉಳಿದು ಅಕ್ಕ ಪೂರ್ತಿ ಚೇತರಿಸಿಕೊಂಡಳು. ಬೀಳ್ಕೊಡುವಾಗ ಟೇಕ್ ಬಹಾದೂರ್ ಅವಳ ಪಾದ ಮುಟ್ಟಿದ. ಮೇಲೆ ನಡೆದದ್ದರಲ್ಲಿ ಅವಳಿಗೆ ಎಷ್ಟು ನೆನಪಿದೆಯೋ ನಾನು ಕೇಳಲಿಲ್ಲ. ನೆನಪಿರದಿರಲಿ ಎಂದು ಹಾರೈಸಿದೆ.

ದಾವಣಗೆರೆ

ಕೂಟದಲ್ಲಿ ನನ್ನ ಉಪನ್ಯಾಸ ಚೆನ್ನಾಗಿಯೇ ಆಯಿತು. ಪರದೆಯ ಮೇಲೆ ಬೆಟ್ಟ, ಹೊಳೆ, ಸೌದೆ ಪೇರಿಸಿದ ಚಾವಣಿ, ಕೊನೆಗೆ ಗ್ರಾಫ್ ಹಾಳೆ. ಗೆರೆಯ ಮೇಲೆ ಸಾಲಾಗಿ ಕೂತ ಚುಕ್ಕೆಗಳಿಗೆ ಚಪ್ಪಾಳೆ ಬಿತ್ತು. ಗುಡಿಯ ನೀರಿನ ಕೆಳಗೆ ನಿಂತ ನನ್ನ ಚಿತ್ರಕ್ಕೂ ಬಿತ್ತು. ಒಬ್ಬರು, "ಅಷ್ಟು ಎತ್ತರದಾಗೆ ಯಾರಿಗೂ ಏನೂ ತ್ರಾಸ ಆಗ್ಲಿಲ್ಲೇನ್ರಿ?" ಎಂದು ಕೇಳಿದರು.

"ಸ್ವಲ್ಪ ತಲೆನೋವು, ಅಷ್ಟೇ," ಎಂದೆ.

ಅಕ್ಕ ಮೊದಲ ಸಾಲಿನಲ್ಲೇ ಕೂತಿದ್ದಳು, ಹೊಸ ಸೀರೆ ಉಟ್ಟು. ನಾನೇ ಹರಿಹರದಿಂದ ಕರೆಸಿದ್ದೆ. ಅವಳನ್ನು ಹರಿಹರದ ಬಸ್ಸು ಹತ್ತಿಸಲು ನಿಲ್ದಾಣಕ್ಕೆ ಹೋದೆ. ಕಿಟಕಿಯ ಪಕ್ಕ ಕೂತ ಮೇಲೆ ಹೇಳಿದಳು:

"ಎಲ್ಲಾ ಚೆಂದ ಹೇಳಿದಿ. ನಾನೊಬ್ಬಾಕಿ ಇರಲಿಲ್ಲ ಅದ್ರಾಗೆ."

ಬಸ್ಸು ಹೊರಟಿತು. ಆ ವಾರವೇ ಕೂತು ಇದನ್ನು ಬರೆಯತೊಡಗಿದೆ.

ಮತ್ತೆ ಹರಿಹರ

ಬರೆದು ಮುಗಿಸಿದ್ದನ್ನು ತೆಗೆದುಕೊಂಡು ಒಂದು ಮಧ್ಯಾಹ್ನ ಅಕ್ಕನ ಮನೆಗೆ ಹೋಗಿ ಓದಿ ಹೇಳಿದೆ. ಅವಳು ಯಾರದೋ ರವಿಕೆಗೆ ಕೈಹೊಲಿಗೆ ಹಾಕುತ್ತಾ ಕೇಳಿದಳು. ಆರೋಗ್ಯ ಕೇಂದ್ರದ ಭಾಗ ಬಂದಾಗ ಓದುವುದನ್ನು ನಿಲ್ಲಿಸಿದೆ. "ಓದು," ಅಂದಳು. ಓದಿದೆ.

ಮುಗಿದ ಮೇಲೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಒಂದು ತಪ್ಪು ಬರ್ದೀಯ. ನೀ ಗುಡಿಗೆ ಹೋಗಾವಾಗ ನಾನು ನಿದ್ದೆ ಮಾಡ್ತಿರಲಿಲ್ಲ. ಸುಮ್ನೆ ಕಣ್ಣು ಮುಚ್ಕಂಡಿದ್ದೆ."

"ಯಾಕ ಅಕ್ಕ? ಯಾಕ ಕರೀಲಿಲ್ಲ ನನ್ನ?"

"ತಲೆ ಒಡದು ಹೋಗಂಗೆ ಆಗಿತ್ತು. ಹೇಳಿದ್ರೆ ನೀನು ಆ ಡ್ರೈವರ್‌ನ ಕರೀಬೇಕು. ಅವನು ಬಂದು, ನಾ ಮೊದ್ಲೇ ಹೇಳಿರ್ಲಿಲ್ಲೇನ್ರಿ ಅಂತಾನೆ. ನೀನು ಇಷ್ಟು ಓದ್ಕಂಡಾವ, ಅವನ ಮುಂದೆ ತಲೆ ತಗ್ಗಿಸಬೇಕಾಗ್ತೈತಲ್ಲ ಅನ್ನಿಸ್ತು. ಅದಕ್ಕೆ ತಡ್ಕಂಡೆ."

ಅವಳು ಸೂಜಿ ತೆಗೆದುಕೊಂಡು ಮತ್ತೆ ಹೊಲಿಯತೊಡಗಿದಳು.

"ಇದನ್ನೂ ಬರ್ಕೊ," ಅಂದಳು.